ಹೆಸರು, ದಾಖಲೆ ಮತ್ತು ಸತ್ಯ

ಮನುಷ್ಯನು ಕೇಳದೆಯೇ ಪಡೆಯುವ ಮೊದಲ ಸ್ವತ್ತು ಅವನ ಹೆಸರು. ತೊಟ್ಟಿಲ ಶಾಸ್ತ್ರದಂದು ಸೋದರತ್ತೆಯೋ ಅಜ್ಜಿಯೋ ಮಗುವಿನ ಕಿವಿಯಲ್ಲಿ ಉಸುರಿದ ಮೂರು ನಾಲ್ಕು ಅಕ್ಷರಗಳು ಅಂದಿನಿಂದ ಅದರ ಜೊತೆಗೇ ನಡೆಯುತ್ತವೆ. ವಿಚಿತ್ರವೆಂದರೆ ಈ ಸ್ವತ್ತನ್ನು ಒಡೆಯನಿಗಿಂತ ಇತರರೇ ಹೆಚ್ಚು ಬಳಸುತ್ತಾರೆ. ತಾಯಿ ಒಂದು ಬಗೆಯಲ್ಲಿ ಕೂಗುತ್ತಾಳೆ, ಗೆಳೆಯರು ಇನ್ನೊಂದು ಬಗೆಯಲ್ಲಿ, ಶಾಲೆಯ ಹಾಜರಿ ಪುಸ್ತಕ ಮತ್ತೊಂದು ಬಗೆಯಲ್ಲಿ. ಈ ಕೂಗುಗಳ ನಡುವೆ ಭೇದವಿದ್ದರೂ ಹದಿನೈದು ಹದಿನಾರು ವರ್ಷ ಯಾರಿಗೂ ತೊಂದರೆಯಿಲ್ಲ. ಹತ್ತನೆಯ ತರಗತಿ ಮುಗಿದು, ಇಂಟರ್‌ಮೀಡಿಯೆಟ್ ಮುಗಿದು, ಕಾಲೇಜಿನ ಅರ್ಜಿ ತುಂಬುವ ದಿನ ಬಂದಾಗ ಮಾತ್ರ ಅದು ಎದುರಿಗೆ ಬಂದು ನಿಲ್ಲುತ್ತದೆ. ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಒಂದು, ಪ್ರವೇಶ ಪರೀಕ್ಷೆಯ ದಾಖಲೆಯಲ್ಲಿ ಇನ್ನೊಂದು. ಇವರಲ್ಲಿ ನೀನು ಯಾರು ಎಂದು ಪರಿಶೀಲನೆಯ ಅಧಿಕಾರಿ ಕೇಳುತ್ತಾರೆ.

ಇದನ್ನು ಬರಿಯ ಕಚೇರಿಯ ತೊಡಕೆಂದು ಬದಿಗೆ ಸರಿಸುವುದು ಸುಲಭ. ಆದರೆ ಇದರೊಳಗೆ ನೀತಿಯ ಪ್ರಶ್ನೆಯೊಂದು ಅಡಗಿದೆ. ನಾಲಿಗೆಯ ಮೇಲಿನ ಹೆಸರಿಗೂ ಕಾಗದದ ಮೇಲಿನ ಹೆಸರಿಗೂ ಭೇದ ಬಂದಾಗ ಸತ್ಯ ಯಾವ ಕಡೆಗಿದೆ? ನಿಜ ಹೇಳಿದರೆ ಸೀಟು ಹೋಗುತ್ತದೆ, ನಿಜವಲ್ಲದ ಮಾತಿಗೆ ಸಹಿ ಹಾಕಿದರೆ ಸೀಟು ಉಳಿಯುತ್ತದೆ ಎಂಬ ಸ್ಥಿತಿ ಒದಗಿದರೆ, ಹದಿನೇಳು ಹದಿನೆಂಟರ ಮಗುವಿಗೆ ಹಿರಿಯರಾದ ನಾವು ಯಾವ ಬುದ್ಧಿ ಹೇಳಬೇಕು? ನುಡಿಯ ಉಳಿವಿಗಾಗಿ ಸೇರಿರುವ ಈ ಸಮ್ಮೇಳನದ ಸಂದರ್ಭದಲ್ಲಿ, ನುಡಿಯ ಅತ್ಯಂತ ಚಿಕ್ಕ ತುಣುಕಾದ ಹೆಸರಿನ ಬಗೆಗೆ ಯೋಚಿಸುವುದು ಅನುಚಿತವಾಗಲಾರದೆಂದು ಭಾವಿಸಿದ್ದೇವೆ.

ಗಡಿನಾಡಿನಲ್ಲಿ ಈ ತೊಡಕು ಹೆಚ್ಚು. ಕಾರಣ ನಮ್ಮ ಚರಿತ್ರೆಯಲ್ಲೇ ಇದೆ. ಅನಂತಪುರ ಜಿಲ್ಲೆಯು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡದ್ದು 1882ರಲ್ಲಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಮೈಸೂರಿಗೆ ಹೋಯಿತು. ರಾಯದುರ್ಗ, ಆದವಾನಿ, ಆಲೂರುಗಳು ಆಂಧ್ರದಲ್ಲಿ ಉಳಿದವು. 2022ರ ಏಪ್ರಿಲ್ 4ರಂದು ಹಿಂದೂಪುರ, ಮಡಕಶಿರಾ, ಪೆನುಕೊಂಡಗಳು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು. ಕಲ್ಯಾಣದುರ್ಗ, ರಾಯದುರ್ಗಗಳು ಅನಂತಪುರದಲ್ಲೇ ನಿಂತವು. ಗೆರೆಗಳು ಸರಿದವು, ಮನೆಯ ಮಾತು ಸರಿಯಲಿಲ್ಲ. ಅಗಳಿ, ರೊಳ್ಳ, ಗುಡಿಬಂಡೆ, ಅಮರಾಪುರದ ಮನೆಗಳಲ್ಲಿ ಇಂದಿಗೂ ತೊಟ್ಟಿಲು ತೂಗುವ ಹಾಡು ಕನ್ನಡದ್ದೇ. ಆದರೆ ಆ ತೊಟ್ಟಿಲಿನ ಹೆಸರನ್ನು ಬರೆದುಕೊಳ್ಳುವ ಕಚೇರಿಯ ಭಾಷೆ ತೆಲುಗು, ಕಂಪ್ಯೂಟರಿನ ಭಾಷೆ ಇಂಗ್ಲಿಷ್. ಮೂರು ಭಾಷೆಗಳ ಹೊಸ್ತಿಲು ದಾಟುವಷ್ಟರಲ್ಲಿ ಹೆಸರು ಎಲ್ಲೋ ಒಂದು ಕಡೆ ಎಡವುತ್ತದೆ.

ನಮ್ಮ ಊರುಗಳೇ ಎರಡೆರಡು ಹೆಸರು ಹೊತ್ತಿವೆ. ನಾವು ಕಲ್ಯಾಣದುರ್ಗ ಎನ್ನುತ್ತೇವೆ, ತೆಲುಗರು ಕಲ್ಯಾಣದುರ್ಗಂ ಎನ್ನುತ್ತಾರೆ. ಹಿಂದೂಪುರ, ಹಿಂದೂಪುರಂ ಎರಡೂ ಬಳಕೆಯಲ್ಲಿವೆ. ಅಮರಾಪುರದ ಬಳಿಯ ಹೇಮಾವತಿಯು ನೊಳಂಬರ ರಾಜಧಾನಿಯಾಗಿತ್ತು. ಅದೇ ಊರಿಗೆ ಪೆಂಜೇರು ಎಂಬ ಹೆಸರೂ ಇತ್ತು, ಹೆಂಜೇರು ಎಂಬ ಹೆಸರೂ ಇತ್ತು. ಹಳೆಯ ಕನ್ನಡದ ಪಕಾರವು ಕಾಲ ಕಳೆದಂತೆ ಹಕಾರವಾದುದರ ಗುರುತು ಅದು. ಇದಕ್ಕಾಗಿ ಯಾವ ಇತಿಹಾಸಕಾರರೂ ಮೂರು ಊರುಗಳಿದ್ದುವೆಂದು ಬರೆಯಲಿಲ್ಲ. ಹೆಸರುಗಳನ್ನು ಪಕ್ಕಪಕ್ಕದಲ್ಲಿಟ್ಟು, ಭೇದದ ಕಾರಣ ಹುಡುಕಿ, ಊರು ಒಂದೇ ಎಂದು ನಿರ್ಣಯಿಸಿದರು. ಕಲ್ಲಿಗೆ ದೊರೆತ ಈ ತಾಳ್ಮೆ ಮಗುವಿಗೆ ಏಕೆ ದೊರೆಯಬಾರದು?

ಹೆಸರು ಹೇಗೆ ಎಡವುತ್ತದೆಂಬುದನ್ನು ಸ್ವಲ್ಪ ನೋಡೋಣ. ಮೊದಲನೆಯದು ಮನೆತನದ ಹೆಸರು. ತೆಲುಗರಲ್ಲಿ ಇಂಟಿಪೇರು ಮೊದಲು ಬರುತ್ತದೆ, ಸ್ವಂತ ಹೆಸರು ಆಮೇಲೆ. ನಮ್ಮ ಕಡೆಯ ಅನೇಕ ಕನ್ನಡ ಮನೆಗಳಲ್ಲಿ ಇಂಟಿಪೇರು ಎಂಬುದೇ ಇಲ್ಲ; ಊರಿನ ಅಥವಾ ತಂದೆಯ ಹೆಸರಿನ ಮೊದಲ ಅಕ್ಷರ ಇರುತ್ತದೆ. ಅರ್ಜಿಯಲ್ಲಿ ಆ ಖಾನೆ ಖಾಲಿ ಬಿಡುವಂತಿಲ್ಲ. ಆಗ ಒಂದು ಕಡೆ ಊರು, ಇನ್ನೊಂದು ಕಡೆ ತಂದೆಯ ಹೆಸರು, ಮತ್ತೊಂದು ಕಡೆ ಬೆಡಗಿನ ಹೆಸರು ಹೋಗಿ ಕುಳಿತುಕೊಳ್ಳುತ್ತದೆ. ಎರಡನೆಯದು ಮನೆಯ ಹೆಸರು ಮತ್ತು ಶಾಲೆಯ ಹೆಸರು. ಅಜ್ಜನ ಹೆಸರನ್ನು ಕೂಗಬಾರದೆಂದು ಮನೆಯಲ್ಲಿ ಬೇರೆ ಹೆಸರಿಡುವ ಪದ್ಧತಿ ನಮ್ಮಲ್ಲುಂಟು. ಸೇರಿಸಲು ಬಂದವರು ಯಾವುದನ್ನು ಹೇಳಿದರೋ ಅದೇ ದಾಖಲಾಯಿತು. ಮೂರನೆಯದು ಇಂಗ್ಲಿಷಿನ ಅಕ್ಷರ. ಕನ್ನಡ, ತೆಲುಗು ಲಿಪಿಗಳು ಒಂದೇ ಮೂಲದಿಂದ ಬಂದ ಸೋದರಿಯರು. ಕನ್ನಡದ ಹೆಸರನ್ನು ತೆಲುಗಿನಲ್ಲಿ ಅಕ್ಷರಕ್ಕೆ ಅಕ್ಷರ ಬರೆಯಲು ಅಡ್ಡಿಯೇ ಇಲ್ಲ. ಆದರೂ ಹೆಸರು ಪಕ್ಕದ ಬಾಗಿಲಿನಿಂದ ಹೋಗದೆ, ಲಂಡನ್ನಿನ ದಾರಿ ಹಿಡಿದು ನೆರೆಮನೆ ಸೇರುತ್ತದೆ. ತಿಮ್ಮಪ್ಪ, ಗೀತಾ, ಸರಸ್ವತಿ ಎಂಬಲ್ಲಿನ ತಕಾರಕ್ಕೆ ಒಬ್ಬರು ಎಚ್ ಅಕ್ಷರ ಸೇರಿಸುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ನಮ್ಮ ಕಿವಿಗೆ ಗೀತಾ ಒಬ್ಬಳೇ. ಯಂತ್ರಕ್ಕೆ ಎಚ್ ಇರುವ ಗೀತಾ ಬೇರೆ, ಇಲ್ಲದ ಗೀತಾ ಬೇರೆ.

ದೊಡ್ಡವರ ಹೆಸರುಗಳೂ ಇದರಿಂದ ಪಾರಾಗಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಮೊದಲಿರುವ ಮೋಕ್ಷಗುಂಡಂ ಆಂಧ್ರದ ಒಂದು ಗ್ರಾಮ; ಅವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ಇಂಗ್ಲಿಷಿನಲ್ಲಿ ಅವರು ತಮ್ಮ ಹೆಸರನ್ನು ಎಚ್ ಅಕ್ಷರವಿಲ್ಲದೆ ಬರೆಯುತ್ತಿದ್ದರು. ಅವರ ಹೆಸರಿಟ್ಟ ಕೆಲವು ಫಲಕಗಳಲ್ಲಿ ಆ ಅಕ್ಷರ ಬಂದು ಸೇರಿಕೊಂಡಿದೆ. ನಮ್ಮ ಅನಂತಪುರ ಜಿಲ್ಲೆಯ ರಾಳ್ಳಪಲ್ಲಿಯಲ್ಲಿ 1893ರಲ್ಲಿ ಹುಟ್ಟಿದ ಅನಂತಕೃಷ್ಣ ಶರ್ಮರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತೆಲುಗು ಪ್ರಾಧ್ಯಾಪಕರಾಗಿದ್ದು ಎರಡೂ ಭಾಷೆಗಳಲ್ಲಿ ಬರೆದರು. ಅವರನ್ನು ರಾಳ್ಳಪಲ್ಲಿ ಎಂಬ ಊರಿನ ಹೆಸರಿನಿಂದಲೇ ನೆನೆಯುವವರು ಬಹಳ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರಲ್ಲಿ ಊರು, ತಂದೆ, ಮಗ ಮೂವರೂ ಇದ್ದಾರೆ. ಲೋಕಕ್ಕೆ ಅವರು ಕುವೆಂಪು. ಇವರೆಲ್ಲ ಇಂದು ಆನ್‌ಲೈನ್ ಅರ್ಜಿ ತುಂಬಲು ಕುಳಿತಿದ್ದರೆ, ಹೆಸರು ತಾಳೆಯಾಗುತ್ತಿಲ್ಲ ಎಂಬ ಕೆಂಪು ಅಕ್ಷರಗಳನ್ನು ನೋಡಬೇಕಾಗುತ್ತಿತ್ತೇನೋ.

ಹಾಗೆಂದು ಪರಿಶೀಲಿಸುವ ಅಧಿಕಾರಿಯನ್ನು ಹಳಿಯುವುದು ನ್ಯಾಯವಲ್ಲ. ಅವರ ಸಂಶಯಕ್ಕೂ ಆಧಾರವಿದೆ. ಒಬ್ಬರ ಬದಲು ಇನ್ನೊಬ್ಬರು ಪರೀಕ್ಷೆ ಬರೆಯುವ, ಒಬ್ಬರ ಅಂಕಪಟ್ಟಿ ಇನ್ನೊಬ್ಬರ ಕೈಯಲ್ಲಿರುವ ಮೋಸಗಳು ನಮ್ಮ ದೇಶದಲ್ಲಿ ನಡೆದಿವೆ. ಹೆಸರಿನ ಮರೆಯಲ್ಲಿ ನಡೆದ ಮೋಸ ನಮಗೆ ಹೊಸದೂ ಅಲ್ಲ. ಕುರುಕ್ಷೇತ್ರದಲ್ಲಿ ದ್ರೋಣರನ್ನು ಕೆಡವಿದ್ದು ಬಾಣಕ್ಕಿಂತ ಮೊದಲು ಒಂದು ಹೆಸರು. ಅಶ್ವತ್ಥಾಮ ಎಂಬುದು ಆಚಾರ್ಯರ ಮಗನ ಹೆಸರೂ ಹೌದು, ಒಂದು ಆನೆಯ ಹೆಸರೂ ಹೌದು. ಸತ್ತದ್ದು ಆನೆ; ಕೇಳಿಸಿದ್ದು ಮಗನ ಹೆಸರು. ಅದುವರೆಗೆ ನೆಲಕ್ಕೆ ನಾಲ್ಕಂಗುಲ ಮೇಲೆ ಚಲಿಸುತ್ತಿದ್ದ ಧರ್ಮರಾಯನ ರಥ ಆ ಮಾತಿನಿಂದ ನೆಲಕ್ಕಿಳಿಯಿತು. ಹೆಸರು ಒಂದಿದ್ದು ವ್ಯಕ್ತಿ ಎರಡಾದಾಗ ಎಂತಹ ಅನಾಹುತವಾಗಬಹುದೆಂಬುದನ್ನು ವ್ಯಾಸರು ಅಂದೇ ತೋರಿಸಿದ್ದಾರೆ. ಆದುದರಿಂದ ಕಾಗದವನ್ನು ತಿರುವಿ ನೋಡುವ ಗುಮಾಸ್ತರು ವೈರಿಯಲ್ಲ, ಸತ್ಯದ ಕಾವಲುಗಾರರೇ.

ಆದರೆ ನಮ್ಮ ಮಕ್ಕಳದ್ದು ಇದರ ವಿರುದ್ಧ ದಿಕ್ಕಿನ ಸಂಗತಿ: ವ್ಯಕ್ತಿ ಒಂದು, ಹೆಸರು ಎರಡು. ಇದಕ್ಕೂ ಅದೇ ಮಹಾಭಾರತದಲ್ಲಿ ಉತ್ತರವಿದೆ. ವಿರಾಟಪರ್ವದಲ್ಲಿ ಬೃಹನ್ನಳೆಯು ತಾನೇ ಅರ್ಜುನನೆಂದಾಗ ರಾಜಕುಮಾರ ಉತ್ತರನು ಸುಮ್ಮನೆ ಒಪ್ಪಲಿಲ್ಲ. ಅರ್ಜುನನಿಗೆ ಹತ್ತು ಹೆಸರುಗಳುಂಟೆಂದು ಕೇಳಿದ್ದೇನೆ, ಅವನ್ನು ಹೇಳು, ಒಂದೊಂದೂ ಏಕೆ ಬಂತೆಂದು ವಿವರಿಸು ಎಂದನು. ಧನಂಜಯ, ವಿಜಯ, ಶ್ವೇತವಾಹನ, ಕಿರೀಟಿ, ಸವ್ಯಸಾಚಿ ಎಂದು ಪಾರ್ಥನು ಎಣಿಸುತ್ತ ಕಾರಣ ಹೇಳುತ್ತ ಹೋದನು. ಹೆಸರು ಹತ್ತಾದುದರಿಂದ ಮನುಷ್ಯರೂ ಹತ್ತು ಮಂದಿ ಇರಬೇಕೆಂದು ಉತ್ತರನು ವಾದಿಸಲಿಲ್ಲ. ಪ್ರತಿ ಹೆಸರಿಗೂ ಕಾರಣ ದೊರೆತುದೇ ಅವನಿಗೆ ನಂಬಿಕೆಯಾಯಿತು. ರಣರಂಗಕ್ಕೆ ಹೆದರಿ ಓಡಿದ ಆ ಹುಡುಗನಲ್ಲಿ ಒಳ್ಳೆಯ ಪರಿಶೀಲನಾಧಿಕಾರಿಯ ಗುಣವಿತ್ತು. ಅವನು ಅಕ್ಷರಗಳನ್ನು ತಾಳೆ ನೋಡಲಿಲ್ಲ, ಕಾರಣಗಳನ್ನು ತಾಳೆ ನೋಡಿದ.

ಈಗ ನಾವು ಕಂಡ ಒಂದು ಪ್ರಸಂಗವನ್ನು ಹೇಳಬೇಕು. ನಿವೃತ್ತರಾದ ಬಳಿಕವೂ ಮೇ, ಜೂನ್ ತಿಂಗಳುಗಳಲ್ಲಿ ಕಾಗದಪತ್ರ ಹಿಡಿದು ನಮ್ಮ ಮನೆಗೆ ಬರುವವರುಂಟು. ಹಾಗೆ ಬಂದವಳು ಕನ್ನಡ ಮನೆಯ ಒಬ್ಬ ಹುಡುಗಿ. ಆಕೆಯ ನಿಜವಾದ ಹೆಸರನ್ನು ಇಲ್ಲಿ ಬರೆಯುವುದು ಸರಿಯಲ್ಲ; ಅದನ್ನು ಹೋಲುವ ಹಾಲಮ್ಮ ಎಂಬ ಹೆಸರಿನಿಂದ ಕರೆಯುತ್ತೇವೆ. ಹೆಸರು ತಪ್ಪುವ ವಿಷಯದ ಲೇಖನದಲ್ಲಿ ನಾವೂ ಒಂದು ಹೆಸರನ್ನು ಬದಲಿಸಬೇಕಾಗಿ ಬಂದುದಕ್ಕೆ ಓದುಗರು ನಗಬಹುದು. ಅದು ಆಕೆಯ ಅಜ್ಜಿಯ ಹೆಸರು. ಪ್ರಾಥಮಿಕ ಶಾಲೆಯಲ್ಲಿ ಬರೆದುಕೊಂಡವರು ಯಾರೋ, ಹಾಲಿಗೆ ತೆಲುಗಿನಲ್ಲಿ ಪಾಲು ಎನ್ನುವುದರಿಂದ, ಪಾಲಮ್ಮ ಎಂದು ಬರೆದರು. ಹಳಗನ್ನಡದಲ್ಲೂ ಹಾಲು ಪಾಲೇ ಆಗಿತ್ತೆಂಬುದು ಬೇರೆ ಮಾತು. ಹತ್ತನೆಯ ತರಗತಿಯ ಪ್ರಮಾಣಪತ್ರಕ್ಕೂ ಅದೇ ಹೋಯಿತು. ಆಧಾರ್‌ನಲ್ಲಿ ಮಾತ್ರ ತಾಯಿ ಹೇಳಿದಂತೆ ಹಾಲಮ್ಮ ಎಂದಿತ್ತು.

ಕೌನ್ಸೆಲಿಂಗಿಗೆ ಉಳಿದಿದ್ದುದು ಎಂಟು ದಿನ. ಪ್ರಮಾಣಪತ್ರದ ಹೆಸರನ್ನು ತಿದ್ದಿಸಬೇಕಾದರೆ ಮುಖ್ಯೋಪಾಧ್ಯಾಯರ ಮೂಲಕ ಜಿಲ್ಲಾ ಶಿಕ್ಷಣಾಧಿಕಾರಿಗಳಿಗೂ ಅಲ್ಲಿಂದ ಪರೀಕ್ಷಾ ಇಲಾಖೆಗೂ ಕಡತ ಹೋಗಬೇಕು. ಅದಕ್ಕೆ ತಿಂಗಳುಗಳು ಬೇಕು. ಆಧಾರ್‌ನ ಹೆಸರನ್ನು ಬದಲಿಸುವುದು ದಿನಗಳ ಕೆಲಸ. ಜೀವಮಾನದಲ್ಲಿ ಎರಡು ಸಲ ಅದಕ್ಕೆ ಅವಕಾಶವೂ ಉಂಟು. ಎಲ್ಲರೂ ಅದನ್ನೇ ಹೇಳಿದ್ದರು. ಟೈಪಿಂಗ್ ಅಂಗಡಿಯವರು ಪ್ರಮಾಣಪತ್ರವೊಂದನ್ನು ಸಿದ್ಧಪಡಿಸಿಯೂ ಕೊಟ್ಟಿದ್ದರು. ತನ್ನ ಸರಿಯಾದ ಹೆಸರು ಪಾಲಮ್ಮ ಎಂದೂ, ಹಾಲಮ್ಮ ಎಂಬುದು ಕೈತಪ್ಪಿನಿಂದ ನಮೂದಾದುದೆಂದೂ, ಇದು ಸತ್ಯವೆಂದು ಪ್ರಮಾಣ ಮಾಡುತ್ತೇನೆಂದೂ ಅದರಲ್ಲಿತ್ತು. ತಂದೆ ಹೇಳಿದರು: “ಒಂದು ಅಕ್ಷರ ತಾನೇ ಸಾರ್, ಹಾಕಿಬಿಡಲಿ ಸಹಿ.” ಹುಡುಗಿ ತಲೆತಗ್ಗಿಸಿಯೇ ಕೇಳಿದಳು: “ಸಾರ್, ಸತ್ಯ ಅಂತ ಬರೆದು ಸುಳ್ಳು ಹೇಳಬಹುದಾ?”

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ತಂದೆಯ ಪಕ್ಷದಲ್ಲೂ ಬಲವಿದೆ. ಹೆಸರೆಂಬುದು ಬರಿಯ ಸಂಕೇತ. ಮಿಲಿಂದ ರಾಜನಿಗೆ ಭಿಕ್ಷು ನಾಗಸೇನನು ಹೇಳಿದ ಕಥೆ ಬೌದ್ಧ ವಾಙ್ಮಯದಲ್ಲಿ ಪ್ರಸಿದ್ಧ: ಗಾಲಿ ರಥವಲ್ಲ, ಅಚ್ಚು ರಥವಲ್ಲ, ನೊಗ ರಥವಲ್ಲ, ಎಲ್ಲ ಕೂಡಿದಾಗ ರಥವೆಂದು ಕರೆಯುತ್ತೇವೆ, ನಾಗಸೇನನೆಂಬುದೂ ಹಾಗೆಯೇ ಒಂದು ಕರೆ. ಹೆಸರಿಗೂ ವಸ್ತುವಿಗೂ ಒಳಸಂಬಂಧವಿಲ್ಲವೆಂಬುದನ್ನು ನಮ್ಮ ಗಾದೆಯೂ ಬಲ್ಲುದು: ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ತತ್ವಾರ. ಮೇಲಾಗಿ ಹೆಸರು ಬದಲಿಸಿಕೊಂಡ ಹಿರಿಯರು ನಮ್ಮಲ್ಲಿ ಕಡಿಮೆಯೇ? ಶ್ರೀನಿವಾಸ ನಾಯಕರು ಪುರಂದರದಾಸರಾದರು, ತಿಮ್ಮಪ್ಪ ನಾಯಕರು ಕನಕದಾಸರಾದರು. ವಚನಕಾರರಂತೂ ತಮ್ಮ ಹೆಸರನ್ನೇ ಬಿಟ್ಟು ಇಷ್ಟದೈವದ ಹೆಸರನ್ನು ಅಂಕಿತವಾಗಿಸಿಕೊಂಡರು. ಹಾಗಿರುವಾಗ ಹಕಾರ ಹೋಗಿ ಪಕಾರ ಬಂದರೆ ಲೋಕ ಮುಳುಗುವುದೇ?

ಮುಳುಗುವುದಿಲ್ಲ. ಆದರೆ ಇಲ್ಲಿ ಎರಡು ಬೇರೆ ಕಾರ್ಯಗಳು ಬೆರೆತುಹೋಗಿವೆ. ಹೆಸರನ್ನು ಬದಲಿಸುವುದು ಒಂದು. ಹಿಂದೆ ಇದ್ದುದನ್ನು ಇರಲಿಲ್ಲವೆಂದು ಹೇಳುವುದು ಇನ್ನೊಂದು. ಪುರಂದರದಾಸರು ತಾವು ಶ್ರೀನಿವಾಸ ನಾಯಕರಾಗಿದ್ದುದನ್ನು ಅಲ್ಲಗಳೆಯಲಿಲ್ಲ. ಆ ಬದುಕನ್ನು ಬಿಟ್ಟರೆಂಬುದೇ ಅವರ ಕಥೆ. ಇಂದಿನಿಂದ ನಾನು ಪಾಲಮ್ಮ ಎಂದು ಹುಡುಗಿ ಬಯಸಿ ರಾಜಪತ್ರದಲ್ಲಿ ಪ್ರಕಟಿಸಿದ್ದರೆ ಅದರಲ್ಲಿ ಸುಳ್ಳಿನ ಸೋಂಕಿಲ್ಲ. ಎರಡೂ ಹೆಸರಿನವಳು ನಾನೊಬ್ಬಳೇ ಎಂದು ಪ್ರಮಾಣ ಮಾಡಿದರೂ ಅದು ಸತ್ಯವೇ. ಆದರೆ ಅಜ್ಜಿಯ ಹೆಸರೇ ತಪ್ಪು, ಗುಮಾಸ್ತರ ತಪ್ಪೇ ಸರಿ ಎಂದು ಆಣೆಯಿಟ್ಟು ಹೇಳುವುದು ಬೇರೆ. ಅಲ್ಲಿ ಬದಲಾದದ್ದು ಹೆಸರಲ್ಲ, ನಡೆದುಹೋದ ಸಂಗತಿ. ಅಕ್ಷರ ಒಂದಾದರೂ ಪ್ರಮಾಣ ಚಿಕ್ಕದಾಗುವುದಿಲ್ಲ. ಮಗುವೊಂದು ಬೆಳೆದು ಮೊದಲ ಬಾರಿಗೆ ಸರ್ಕಾರದ ಮುಂದೆ ಆಡುವ ಮಾತೇ ಅನುಕೂಲಕ್ಕಾಗಿ ಆಡಿದ ಸುಳ್ಳಾದರೆ, ಸಹಿ ಎಂಬುದಕ್ಕೆ ಅರ್ಥವಿಲ್ಲವೆಂಬ ಪಾಠವನ್ನು ನಾವೇ ಕಲಿಸಿದಂತಾಯಿತು.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳದಿದ್ದರೆ ಅನ್ಯಾಯವಾದೀತು. ಬಡವರ ಮಗಳೊಬ್ಬಳು ಒಂದು ವರ್ಷ ಹಾಳಾಗುವುದೆಂಬ ಭಯದಿಂದ ಆ ಕಾಗದಕ್ಕೆ ಸಹಿ ಹಾಕಿದ್ದರೆ ಅವಳನ್ನು ಸುಳ್ಳುಗಾತಿ ಎನ್ನಲು ನಮ್ಮ ನಾಲಿಗೆ ಏಳುವುದಿಲ್ಲ. ಸುಳ್ಳಿನ ಭಾರ ಹೇಳಿದವರ ಮೇಲೆ ಎಷ್ಟಿದೆಯೋ ಹೇಳಿಸಿದವರ ಮೇಲೆ ಅದಕ್ಕಿಂತ ಹೆಚ್ಚಿದೆ. ನಿಜದ ದಾರಿಗೆ ತಿಂಗಳುಗಳು, ಸುಳ್ಳಿನ ದಾರಿಗೆ ದಿನಗಳು ಎಂದು ಏರ್ಪಡಿಸಿದ ವ್ಯವಸ್ಥೆ ಆ ಪಾಪದಲ್ಲಿ ದೊಡ್ಡ ಪಾಲುದಾರ. 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇಂದ್ರ ಮಾಧ್ಯಮಿಕ ಶಿಕ್ಷಣ ಮಂಡಳಿಯ ಪ್ರಕರಣವೊಂದರಲ್ಲಿ, ಹೆಸರು ವ್ಯಕ್ತಿಯ ಗುರುತಿನ ಅಂಗವೆಂದೂ, ಅದರ ಮೇಲಿನ ಹಿಡಿತ ಸಂವಿಧಾನದ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಸೇರಿದ್ದೆಂದೂ ಹೇಳಿ, ಪ್ರಮಾಣಪತ್ರಗಳ ತಿದ್ದುಪಡಿಗೆ ದಾರಿ ತೆರೆಯಿತು. ತತ್ತ್ವವೇನೋ ಗೆದ್ದಿತು. ಆ ತತ್ತ್ವವು ಪ್ರವೇಶದ ಗಡುವಿನೊಳಗೆ ಹಳ್ಳಿಯ ಹುಡುಗಿಯ ಕೈಗೆಟುಕಿದಾಗಲೇ ಅದು ನ್ಯಾಯವೆನಿಸುತ್ತದೆ.

ನಾವು ಆಕೆಗೆ ಎರಡು ದಾರಿಗಳನ್ನೂ ಅವುಗಳ ಬೆಲೆಯನ್ನೂ ತಿಳಿಸಿದೆವು, ಆಯ್ಕೆ ಅವಳದೆಂದೆವು. ಅವಳು ಟೈಪಾದ ಕಾಗದವನ್ನು ಮಡಚಿಟ್ಟು, ಹಾಲಮ್ಮ, ಪಾಲಮ್ಮ ಇಬ್ಬರೂ ತಾನೊಬ್ಬಳೇ ಎಂಬ ಬೇರೆ ಪ್ರಮಾಣಪತ್ರ ಬರೆಸಿದಳು. ತಿದ್ದುಪಡಿಯ ಅರ್ಜಿಯನ್ನೂ ಅದೇ ದಿನ ಕೊಟ್ಟಳು. ಬೆಲೆ ತೆರಬೇಕಾಗಿಯೇ ಬಂತು. ಮೊದಲ ಸುತ್ತಿನಲ್ಲಿ ಅವಳ ಕಡತವನ್ನು ಬದಿಗಿಟ್ಟರು; ಹತ್ತಿರದ ಕಾಲೇಜು ಕೈತಪ್ಪಿತು. ಎರಡನೆಯ ಸುತ್ತಿನಲ್ಲಿ ಇನ್ನೊಬ್ಬ ಅಧಿಕಾರಿಗಳು ತಂದೆ ತಾಯಿಯ ಹೆಸರು, ಹುಟ್ಟಿದ ದಿನ, ಭಾವಚಿತ್ರಗಳನ್ನು ಒಂದೊಂದಾಗಿ ಹೊಂದಿಸಿ ನೋಡಿ, ಮುಚ್ಚಳಿಕೆ ಬರೆಸಿಕೊಂಡು ದೂರದ ಊರಿನಲ್ಲಿ ಸೀಟು ಕೊಟ್ಟರು. ತಿದ್ದಿದ ಪ್ರಮಾಣಪತ್ರ ಬಂದದ್ದು ಐದು ತಿಂಗಳ ಮೇಲೆ. ಹಾಸ್ಟೆಲಿನ ಖರ್ಚಿಗೆ ಆ ಮನೆಯವರು ಒಂದು ಹಸುವನ್ನು ಮಾರಿದರೆಂದು ಆಮೇಲೆ ತಿಳಿಯಿತು. ಸತ್ಯಕ್ಕೆ ಯಾವಾಗಲೂ ಒಳ್ಳೆಯ ಫಲವೇ ಸಿಗುತ್ತದೆಂದು ನಾವು ಹೇಳಲಾರೆವು. ಸಿಕ್ಕಿದ ಫಲ ತನ್ನದೆಂದು ಅವಳು ಹೇಳಿಕೊಳ್ಳಬಲ್ಲಳು ಎಂದಷ್ಟೇ ಹೇಳಬಲ್ಲೆವು.

ಕನ್ನಡಿಗರಾಗಿ ಯೋಚಿಸಬೇಕಾದ ಇನ್ನೊಂದು ಅಂಶವಿದೆ. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ ಹೊರನಾಡು, ಗಡಿನಾಡು ಕನ್ನಡಿಗ ಅಭ್ಯರ್ಥಿಗಳಿಗೆ ಪರೀಕ್ಷಾ ಪ್ರಾಧಿಕಾರವು ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ಮಗು ತನ್ನ ಕನ್ನಡವನ್ನು ಪರೀಕ್ಷೆ ಬರೆದು ಸಾಬೀತು ಮಾಡಬೇಕು. ಆದರೆ ಅದೇ ಮಗುವಿನ ಕನ್ನಡದ ಹೆಸರು ಅದಕ್ಕೂ ಮೊದಲೇ ಕಾಗದದಲ್ಲಿ ಕರಗಿಹೋಗಿರುತ್ತದೆ. ಗಡಿಯಲ್ಲಿ ನುಡಿ ಅಳಿಯುವುದು ಶಾಲೆ ಮುಚ್ಚಿದಾಗ ಮಾತ್ರವಲ್ಲ. ಹಾಲಮ್ಮ ಪಾಲಮ್ಮನಾಗಿ, ಅದೇ ಸರಿಯೆಂದು ಅವಳೇ ಸಹಿ ಹಾಕಿದಾಗಲೂ ಅಷ್ಟರಮಟ್ಟಿಗೆ ಅಳಿಯುತ್ತದೆ. ತೆಲುಗು ನಮಗೆ ಪರಕೀಯವಲ್ಲ, ನಮ್ಮ ನೆರೆಯ ನುಡಿ, ಅನ್ನದ ನುಡಿ. ಅದರ ಮೇಲೆ ನಮಗೆ ದೂರಿಲ್ಲ. ತೆಲುಗು ಮನೆಯ ಮಗು ಗಡಿಯಾಚೆ ಪಾವಗಡದಲ್ಲೋ ಬಳ್ಳಾರಿಯಲ್ಲೋ ಓದುವಾಗ ಅದರ ಹೆಸರಿಗೂ ಇದೇ ಗೌರವ ಸಿಗಬೇಕೆಂಬುದು ನಮ್ಮ ನಿಲುವು.

ಈ ತೊಡಕಿನ ಬೇರು ಮೊದಲ ದಿನದಲ್ಲಿದೆ; ಪರಿಹಾರವೂ ಅಲ್ಲೇ ಇದೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರವೇ ಶಾಲೆಯ ಪ್ರವೇಶಕ್ಕೂ ಮುಂದಿನ ದಾಖಲೆಗಳಿಗೂ ಆಧಾರವಾಗಲಿದೆ. ಆದುದರಿಂದ ತಂದೆತಾಯಿಗಳು ನಾಮಕರಣದ ಊಟಕ್ಕೆ ತೋರುವ ಆಸಕ್ತಿಯಲ್ಲಿ ಹತ್ತನೆಯ ಒಂದು ಪಾಲನ್ನಾದರೂ ಆ ಚೀಟಿಯ ಅಕ್ಷರಗಳಿಗೆ ತೋರಿಸಬೇಕು. ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕೆಂಬುದನ್ನು ಒಮ್ಮೆ ನಿಶ್ಚಯಿಸಿ ಎಲ್ಲ ಕಡೆಗೂ ಅದನ್ನೇ ಕೊಡಬೇಕು. ಮೊದಲಕ್ಷರಗಳನ್ನು ಬಿಡಿಸಿ ಬರೆಯಬೇಕೋ ಬೇಡವೋ ಎಂಬುದೂ ಅಂದೇ ನಿರ್ಧಾರವಾಗಬೇಕು. ಈಚೆಗೆ ಬಂದಿರುವ ಅಪಾರ್ ಸಂಖ್ಯೆಗೆ ಶಾಲೆಯ ದಾಖಲೆಯೂ ಆಧಾರ್ ಕೂಡ ತಾಳೆಯಾಗಲೇಬೇಕಾದುದರಿಂದ, ಚಿಕ್ಕ ತರಗತಿಯಲ್ಲೇ ಭೇದ ಕಣ್ಣಿಗೆ ಬೀಳುತ್ತದೆ. ಆಗಲೇ ತಿದ್ದಿಸಿದರೆ ಕೆಲಸ ಹಗುರ. ಹತ್ತನೆಯ ತರಗತಿಯ ನಾಮಿನಲ್ ರೋಲ್ ಕಳುಹಿಸುವ ಮುನ್ನ ಶಿಕ್ಷಕರು ಪ್ರತಿಯೊಂದು ಹೆಸರನ್ನೂ ಆ ಮಗುವಿನ ಎದುರಿಗೆ ಗಟ್ಟಿಯಾಗಿ ಓದಬೇಕು. ಸಹಿ ಮಾಡಲು ಒಂದು ಗಳಿಗೆ ಸಾಕು. ಓದಲು ಅರ್ಧ ದಿನ ಬೇಕಾಗುತ್ತದೆ. ಆ ಅರ್ಧ ದಿನ ಮಗುವಿನ ಒಂದು ವರ್ಷವನ್ನು ಉಳಿಸುತ್ತದೆ.

ಇನ್ನು ಸಂಘಸಂಸ್ಥೆಗಳ ಮಾತು. ಸಮ್ಮೇಳನದ ಮೆರವಣಿಗೆ, ಕವಿಗೋಷ್ಠಿಗಳು ಬೇಕು. ಅವುಗಳ ಜೊತೆಗೆ ವರ್ಷಕ್ಕೊಮ್ಮೆ, ಬೇಸಿಗೆಯ ರಜೆಗೆ ಮೊದಲು, ಕಲ್ಯಾಣದುರ್ಗದಲ್ಲೂ ಹಿಂದೂಪುರದಲ್ಲೂ ಒಂದೊಂದು ದಿನ ನಾಲ್ಕು ಮಂದಿ ನಿವೃತ್ತ ಶಿಕ್ಷಕರು ಒಂದು ಮೇಜು ಹಾಕಿಕೊಂಡು ಕುಳಿತು, ಮಕ್ಕಳ ಕಾಗದಗಳನ್ನು ತಾಳೆ ನೋಡಿ, ಯಾವ ಅರ್ಜಿ ಎಲ್ಲಿಗೆ ಹೋಗಬೇಕೆಂದು ತಿಳಿಸಿಕೊಟ್ಟರೆ ಅದೂ ಕನ್ನಡದ ಸೇವೆಯೇ. ಇದಕ್ಕೆ ಹಣ ಬೇಡ. ಕನ್ನಡಕ, ತಾಳ್ಮೆ ಮತ್ತು ಎರಡೂ ಲಿಪಿಗಳನ್ನು ಓದಬಲ್ಲ ಕಣ್ಣು ಸಾಕು. ಮುಂದಿನ ಮೇ ತಿಂಗಳಿನಲ್ಲಿ ಅಂತಹ ಮೇಜಿನ ಬಳಿ ಕುಳಿತುಕೊಳ್ಳಲು ನಾವು ಸಿದ್ಧರಿದ್ದೇವೆ. ಇನ್ನು ಮೂವರು ಬೇಕು.